ಅಡಿಕೆ ತಕ್ಕಡಿಯಲ್ಲಿ ಸೂಟ್‌ಕೇಸ್: ಜರ್ಮನಿಗೆ ಹೊರಟ ನನ್ನ ಅನುಭವ

ನಮ್ಮನೆ ಇರುವುದು ಶಿರಸಿಯಿಂದ 18 ಕಿಲೋಮೀಟರ್ ದೂರದ ಹಳ್ಳಿಯಲ್ಲಿ. ನಾನು ಓದುವುದು ಹುಬ್ಬಳ್ಳಿಯ ಇಂಜಿನಿಯರಿಂಗ್ ಕಾಲೇಜಿನಲ್ಲಿ. 2025ರ ಅಕ್ಟೋಬರ್‌ನಿಂದ ಒಂದು ಸೆಮಿಸ್ಟರ್ ಎಕ್ಸ್‌ಚೇಂಜ್ ಮೇಲೆ ಜರ್ಮನಿಗೆ ಹೋಗಿ ಬಂದೆ. ಈಗ ಜೂನಿಯರ್‌ಗಳು ಕೇಳುವ ಮೊದಲ ಪ್ರಶ್ನೆ, "ಅಕ್ಕಾ, ಏನೇನು ಪ್ಯಾಕ್ ಮಾಡ್ಬೇಕು?" ಪ್ಯಾಕಿಂಗ್ ಒಂದು ದಿನದ ಕೆಲಸ ಮಾರಾಯರೆ. ಏಳು ತಿಂಗಳು ತಿಂದದ್ದು ಕಾಗದಪತ್ರ.

ಅದರಲ್ಲೂ ನನ್ನ ಹೆಸರು. ಪಾಸ್‌ಪೋರ್ಟ್ ನನ್ನ ಹತ್ತಿರ ಮೊದಲೇ ಇತ್ತು. ಪಿಯುಸಿ ರಜೆಯಲ್ಲಿ ಪೇಟೆಯ ಒಂದು ಸೈಬರ್ ಅಂಗಡಿಯಲ್ಲಿ ಅರ್ಜಿ ತುಂಬಿಸಿದ್ದೆವು. ಅವರು ನನ್ನ ಹೆಸರು, ಅಪ್ಪನ ಹೆಸರು, ಹೆಗಡೆ ಮೂರನ್ನೂ ಒಂದೇ ಖಾನೆಗೆ ಹಾಕಿ, ಸರ್‌ನೇಮ್ ಖಾನೆಯನ್ನು ಖಾಲಿ ಬಿಟ್ಟಿದ್ದರು. ಊರಲ್ಲಿ ಇದರಿಂದ ಏನೂ ತೊಂದರೆ ಆಗಿರಲಿಲ್ಲ. ಜರ್ಮನಿಯ ಯೂನಿವರ್ಸಿಟಿಯ ಅರ್ಜಿಯಲ್ಲಿ ಮಾತ್ರ ಸರ್‌ನೇಮ್ ಇಲ್ಲದೆ ಮುಂದಿನ ಪುಟವೇ ತೆರೆಯಲಿಲ್ಲ. ಅದು ಫೆಬ್ರವರಿ. ಕಾಲೇಜಿನಿಂದ ಹೆಸರು ಕಳಿಸಲು ಇನ್ನು ಐದು ವಾರ ಇತ್ತು.

ಹುಬ್ಬಳ್ಳಿಯ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಅಪಾಯಿಂಟ್‌ಮೆಂಟ್ ತೆಗೆದುಕೊಂಡು, 1,500 ರೂಪಾಯಿ ಕಟ್ಟಿ, ಮತ್ತೆ ಪಾಸ್‌ಪೋರ್ಟ್ ಮಾಡಿಸಿದೆ. ಅಲ್ಲಿ ಇನ್ನೊಂದು ಗಂಟು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ನನ್ನದು ಇನಿಶಿಯಲ್ ಇರುವ ಹೆಸರು. ಆಧಾರ್‌ನಲ್ಲಿ ಪೂರ್ತಿ ಹೆಸರು, ಆದರೆ ಹೆಗಡೆಯ ಇಂಗ್ಲಿಷ್ ಸ್ಪೆಲ್ಲಿಂಗ್‌ನಲ್ಲಿ ಒಂದು "ಎ" ಜಾಸ್ತಿ. ಶಿರಸಿ ಸೀಮೆಯಲ್ಲಿ ಹೆಗಡೆಯನ್ನು ಎರಡು ಥರ ಬರೆಯದ ಮನೆ ಇದೆಯಾ ಅಂತ ನನಗೆ ಅನುಮಾನ. ನಮ್ಮ ಮನೆಯಲ್ಲೇ ಅಣ್ಣನದು ಒಂದು, ನನ್ನದು ಒಂದು. ಆಧಾರ್ ತಿದ್ದಿಸಿದೆ. ಶಿರಸಿಯಲ್ಲಿ ನೋಟರಿ ಹತ್ತಿರ, ಈ ಇಬ್ಬರೂ ಒಬ್ಬಳೇ ಎಂದು ಅಫಿಡವಿಟ್ ಮಾಡಿಸಿದೆ. ಪೊಲೀಸ್ ವೆರಿಫಿಕೇಶನ್‌ಗೆ ಬಂದವರು ನಮ್ಮನೆ ದಾರಿ ಕೇಳುತ್ತಾ ಪಕ್ಕದ ಊರಿಗೆ ಹೋಗಿ, ಅಲ್ಲಿ ಆಸ್ರಿಗೆ (ಬಾಯಾರಿಕೆಗೆ ಕೊಡುವ ಪಾನೀಯ) ಕುಡಿದು, ಆಮೇಲೆ ಬಂದರು. ಹೊಸ ಪಾಸ್‌ಪೋರ್ಟ್ ಕೈಗೆ ಬಂದಾಗ ಐದು ವಾರದಲ್ಲಿ ನಾಲ್ಕು ದಿನ ಉಳಿದಿತ್ತು.

ಎಕ್ಸ್‌ಚೇಂಜ್‌ಗೆ ಹೋಗುವ ಆಸೆ ಇದ್ದರೆ ಇವತ್ತೇ ಪಾಸ್‌ಪೋರ್ಟ್, ಆಧಾರ್, ಅಂಕಪಟ್ಟಿ ಮೂರನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟು ಒಂದೊಂದೇ ಅಕ್ಷರ ಓದಿ. ಇನ್ನೊಂದು ಮಾತು: ಮಳೆಗಾಲದ ಬೂಸ್ಟಿಗೆ ಹೆದರಿ ಅಂಕಪಟ್ಟಿಗೆ ಲ್ಯಾಮಿನೇಶನ್ ಮಾಡಿಸಬೇಡಿ. ಮುಂದೆ ಅದರ ಮೇಲೆ ಅಟೆಸ್ಟೇಶನ್ ಸೀಲ್ ಬೇಕಾದರೆ ಒತ್ತುವುದು ಎಲ್ಲಿ?

ವಿಷಯಗಳ ಆಯ್ಕೆ ಬೇಗ ಮುಗಿಯಿತು. ಅಲ್ಲಿ ಒಂದು ಸೆಮಿಸ್ಟರ್‌ಗೆ 30 ಕ್ರೆಡಿಟ್. ಇಂಗ್ಲಿಷಿನಲ್ಲಿ ಹೇಳಿಕೊಡುವ ವಿಷಯ ಆರಿಸಿ, ನಮ್ಮ ಸಿಲಬಸ್‌ಗೆ ಹೊಂದಿಸಿ, ಲರ್ನಿಂಗ್ ಅಗ್ರಿಮೆಂಟ್‌ಗೆ, ಅಂದರೆ ಅಲ್ಲಿ ಓದುವ ವಿಷಯಗಳ ಒಪ್ಪಂದ ಪತ್ರಕ್ಕೆ, ಎಚ್‌ಒಡಿ ಸಹಿ ಹಾಕಿಸಿಕೊಂಡೆ. ಎರಡು ವಿಷಯ ಹೆಚ್ಚಿಗೇ ಬರೆಸಿದ್ದೆ. ಹೋದ ಮೇಲೆ ಒಂದು ವಿಷಯ ರದ್ದಾಯಿತು, ಹಾಗಾಗಿ ಅದು ಉಪಯೋಗಕ್ಕೆ ಬಂತು. ಬಾಯಿಮಾತಿನ ಒಪ್ಪಿಗೆ ನಂಬಬೇಡಿ, ಅಷ್ಟೆ.

ಮುಂದಿನದು ದುಡ್ಡು. ಎಕ್ಸ್‌ಚೇಂಜ್ ಆದ್ದರಿಂದ ಫೀ ನಮ್ಮ ಕಾಲೇಜಿಗೇ ಕಟ್ಟಿದರೆ ಆಯಿತು. ಆದರೆ ವೀಸಾ ಬೇಕಾದರೆ ಅಲ್ಲಿ ಬದುಕಲು ದುಡ್ಡಿದೆ ಎಂದು ತೋರಿಸಬೇಕು. ಅದಕ್ಕೆ ಬ್ಲಾಕ್ಡ್ ಅಕೌಂಟ್ ಎಂಬ ಖಾತೆ ಇದೆ. 2024ರ ಸೆಪ್ಟೆಂಬರ್‌ನಿಂದ ಅದರ ಲೆಕ್ಕ ತಿಂಗಳಿಗೆ 992 ಯೂರೊ. ಆರು ತಿಂಗಳಿಗೆ 5,952. ಆಗಿನ ದರದಲ್ಲಿ ಹತ್ತಿರ ಹತ್ತಿರ ಆರು ಲಕ್ಷ ರೂಪಾಯಿ. ಇದು ಯಾರಿಗೋ ಕೊಡುವ ದುಡ್ಡಲ್ಲ. ನಮ್ಮದೇ ದುಡ್ಡು, ಅಲ್ಲಿಗೆ ಹೋದ ಮೇಲೆ ತಿಂಗಳಿಗೆ ಇಷ್ಟು ಅಂತ ನಮಗೇ ವಾಪಸ್ ಬರುತ್ತದೆ. ಇದನ್ನು ಅಪ್ಪನಿಗೆ ಅರ್ಥ ಮಾಡಿಸಲು ಎರಡು ಸಂಜೆ ಬೇಕಾಯಿತು. ಅರ್ಥವಾದ ಮೇಲೆ ಅವರು ಒಳ್ಳೆ ರೇಟಿಗೆ ಅಂತ ಕಾದು ಇಟ್ಟುಕೊಂಡಿದ್ದ ಚಾಲಿ ಅಡಿಕೆಯನ್ನು ಸೊಸೈಟಿಗೆ ಹಾಕಿದರು. ಉಳಿದದ್ದು ಸಾಲ.

ಬ್ಯಾಂಕಿನಲ್ಲಿ ಹೊರದೇಶಕ್ಕೆ ದುಡ್ಡು ಕಳಿಸುವ ಎ2 ಫಾರ್ಮ್ ನಮ್ಮ ಬ್ರಾಂಚಿನವರಿಗೆ ಹೊಸತು. ಅವರು ಹುಬ್ಬಳ್ಳಿಗೆ ಫೋನ್ ಮಾಡಿ ಕೇಳಿ ಕೇಳಿ ತುಂಬಿದರು. ಪಾಪ, ಅವರ ತಪ್ಪಿಲ್ಲ. ತಪ್ಪು ಮಾಡಿದ್ದು ನಾನು. ಸರಿಯಾಗಿ ಎಷ್ಟು ಬೇಕೋ ಅಷ್ಟೇ ಕಳಿಸಿದೆ. ನಡುವಿನ ಬ್ಯಾಂಕ್ ತನ್ನ ಚಾರ್ಜ್ ಹಿಡಿದುಕೊಂಡಿತು. ತಲುಪಿದ್ದು 18 ಯೂರೊ ಕಡಿಮೆ. ಆ 18 ಯೂರೊ ಹೋಗುವವರೆಗೆ ವೀಸಾಕ್ಕೆ ಬೇಕಾದ ಪತ್ರ ಬರಲಿಲ್ಲ. ಮತ್ತೆ ಬ್ಯಾಂಕು, ಮತ್ತೆ ಫಾರ್ಮು, ಒಂಬತ್ತು ದಿನ. ನೀವು 50 ಯೂರೊ ಜಾಸ್ತಿಯೇ ಕಳಿಸಿ.

ವೀಸಾಕ್ಕೆ ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಿದ್ದೆ. ಎರಡು ಸೆಟ್ ಕಾಗದ, 35 × 45 ಮಿಲಿಮೀಟರ್ ಅಳತೆಯ ಫೋಟೊ, ಬೆರಳಚ್ಚು, 75 ಯೂರೊದಷ್ಟು ಶುಲ್ಕ. ಕಷ್ಟ ಇದ್ದದ್ದು ಸ್ಲಾಟ್ ಸಿಗುವುದರಲ್ಲಿ. ನನಗೆ ವೀಸಾ ಬರಲು ಐದು ವಾರ ಹಿಡಿಯಿತು. ಇನ್ಶೂರೆನ್ಸ್ ಬಗ್ಗೆಯೂ ಹೇಳಿಬಿಡುತ್ತೇನೆ. ಪ್ರಯಾಣದ ಇನ್ಶೂರೆನ್ಸ್ ಮೊದಲ ಕೆಲವು ದಿನಕ್ಕೆ ಮಾತ್ರ. ನಾನು ಅಲ್ಲಿನ ವಿದ್ಯಾರ್ಥಿ ಆರೋಗ್ಯ ವಿಮೆ ಮಾಡಿಸಿಕೊಂಡೆ. ಅದಕ್ಕೆ ತಿಂಗಳಿಗೆ 120 ಯೂರೊಗೂ ಜಾಸ್ತಿ. ಬಜೆಟ್ ಹಾಕುವಾಗ ಇದನ್ನು ಮರೆತರೆ 992 ಬಹಳ ಅನ್ನಿಸುತ್ತದೆ, ಆಮೇಲೆ ಗೊತ್ತಾಗುತ್ತದೆ.

ಯಾರೂ ಹೇಳದ ಒಂದು ವಿಷಯ ಒಟಿಪಿ. ನನ್ನ ಬ್ಯಾಂಕ್ ಖಾತೆಗೆ ಜೋಡಿಸಿದ್ದು ಅಪ್ಪನ ನಂಬರ್. ನಮ್ಮನೆಯಲ್ಲಿ ನೆಟ್‌ವರ್ಕ್ ಸಿಗುವುದು ಕೊಟ್ಟಿಗೆಯ ಪಕ್ಕದ ದಣಪೆ ಹತ್ತಿರ ಮಾತ್ರ. ಅಪ್ಪ ತೋಟಕ್ಕೆ ಇಳಿದರೆ ಅದೂ ಇಲ್ಲ. ನಾನು ಜರ್ಮನಿಯಲ್ಲಿ ಕಾರ್ಡ್ ಹಿಡಿದು ನಿಂತಿರುವಾಗ ಒಟಿಪಿ ಅಡಿಕೆ ಮರದ ಬುಡದಲ್ಲಿ ಇರುತ್ತದೆ! ಹೊರಡುವ ಮೊದಲೇ ಖಾತೆಗೂ ಆಧಾರ್‌ಗೂ ನನ್ನ ನಂಬರ್ ಹಾಕಿಸಿದೆ. ಸಿಮ್‌ಗೆ ಅಂತಾರಾಷ್ಟ್ರೀಯ ರೋಮಿಂಗ್ ಮಾಡಿಸಿ, ಎಸ್ಸೆಮ್ಮೆಸ್ ಬರುವಷ್ಟಾದರೂ ಸಿಮ್ ಜೀವಂತ ಇರಲಿ ಅಂತ ತಿಂಗಳ ರೀಚಾರ್ಜ್ ಕೆಲಸವನ್ನು ಅಣ್ಣನಿಗೆ ವಹಿಸಿದೆ.

ಇನ್ನು ಚೀಲ. ಆಯಿ (ಅಮ್ಮ) ಒಂದು ವಾರ ಮೊದಲೇ ಎರಡು ಕೆಜಿ ತುಪ್ಪ ಕಾಯಿಸಿ ಇಟ್ಟಿದ್ದಳು. ಯುರೋಪಿಯನ್ ಯೂನಿಯನ್ ದೇಶಗಳಿಗೆ ಹೊರಗಿನಿಂದ ಹಾಲು, ಹಾಲಿನಿಂದ ಮಾಡಿದ ಯಾವುದನ್ನೂ ಚೀಲದಲ್ಲಿ ತರುವಂತಿಲ್ಲ. ಮಾಂಸವೂ ಇಲ್ಲ. ತುಪ್ಪವೂ ಹೋಯಿತು, ಪೇಡೆಯೂ ಹೋಯಿತು. "ತುಪ್ಪ ಇಲ್ದೆ ಊಟಕ್ಕೆ ಎಂತಾ ಮಾಡ್ತೆ ಕೂಸೇ?" ಅಂದಳು. ತಮಾಷೆ ಅಂದರೆ, ನನ್ನ ಜೊತೆ ಹೊರಟ ಕಾರವಾರದ ಗೆಳತಿಯ ಒಣಮೀನಿಗೆ ಯಾವ ಅಡ್ಡಿಯೂ ಇರಲಿಲ್ಲ. ಸ್ವಂತಕ್ಕಾದರೆ 20 ಕೆಜಿವರೆಗೆ ಮೀನು ಒಯ್ಯಬಹುದು. ನನ್ನ ತುಪ್ಪ ಅಪರಾಧ, ಅವಳ ಒಣ ಬಂಗಡೆ ಸಾಚಾ!

ಹಸಿ ಕರಿಬೇವೂ ಬೇಡ, ಅದಕ್ಕೆ ಪ್ರಮಾಣಪತ್ರ ಕೇಳುತ್ತಾರೆ. ಹಸಿ ತೆಂಗಿನಕಾಯಿಗೆ ಅಲ್ಲಿ ಪ್ರಮಾಣಪತ್ರ ಕೇಳುವುದಿಲ್ಲ, ಆದರೆ ಕೊಬ್ಬರಿ ಗಿಟುಕನ್ನು ನಮ್ಮ ವಿಮಾನ ನಿಲ್ದಾಣದಲ್ಲೇ ತೆಗೆಸುತ್ತಾರೆ, ಎಣ್ಣೆ ಅಂಶದಿಂದ ಬೇಗ ಬೆಂಕಿ ಹಿಡಿಯುತ್ತದೆ ಅಂತ. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು. ಅಪ್ಪೆಮಿಡಿ ಉಪ್ಪಿನಕಾಯಿ ದೊಡ್ಡ ಸೂಟ್‌ಕೇಸ್‌ಗೆ. ಬಾಟಲಿಯ ಬಾಯಿಗೆ ಟೇಪ್, ಮೇಲೆ ಮೂರು ಪ್ಲಾಸ್ಟಿಕ್ ಕವರ್, ಅದರ ಮೇಲೆ ಹಳೆ ಟವೆಲ್. ಒಂದು ಹನಿಯೂ ಸೋರಲಿಲ್ಲ.

ತೂಕ 23 ಕೆಜಿ ದಾಟುವಂತಿರಲಿಲ್ಲ. ಅಂಗಳದಲ್ಲಿ ಅಡಿಕೆ ತೂಗುವ ತಕ್ಕಡಿಗೆ ಸೂಟ್‌ಕೇಸ್ ಹಾಕಿದೆವು. 27 ತೋರಿಸಿತು. ಕುಕ್ಕರ್ ಉಳಿಸಿಕೊಂಡು ಪುಸ್ತಕ ತೆಗೆದೆ. ಸ್ವೆಟರ್ ಎರಡೇ ಸಾಕಾಯಿತು, ದಪ್ಪ ಕೋಟನ್ನು ಅಲ್ಲೇ ಕೊಳ್ಳುವುದು ಜಾಣತನ. ಜುಲೈನಲ್ಲಿ ಹುಬ್ಬಳ್ಳಿಯಲ್ಲಿ ಕೊಂಡ ನನ್ನ ಜಾಕೆಟ್‌ಗೆ ಶಿರಸಿಯ ಮಳೆಯಲ್ಲಿ ಬೂಸ್ಟು ಹಿಡಿದಿತ್ತು. ಕರೆಂಟು ನಮ್ಮ ಹಾಗೇ 230 ವೋಲ್ಟ್. ಎರಡು ಪಿನ್ನಿನ ಚಾರ್ಜರ್ ಹಾಗೇ ಕೂರುತ್ತದೆ, ಮೂರು ಪಿನ್ನಿಗೆ ಅಡಾಪ್ಟರ್ ಬೇಕು. ನನ್ನ ಥೈರಾಯ್ಡ್ ಮಾತ್ರೆ ಮೂರು ತಿಂಗಳಿಗಾಗುವಷ್ಟು, ಡಾಕ್ಟರ ಚೀಟಿ ಸಮೇತ. ಕನ್ನಡಕ ಎರಡು ಜೊತೆ.

ಬ್ಲಾಕ್ಡ್ ಅಕೌಂಟಿನ ದುಡ್ಡು ಅಲ್ಲಿನ ಬ್ಯಾಂಕ್ ಖಾತೆ ಆಗುವವರೆಗೆ ಕೈಗೆ ಬರುವುದಿಲ್ಲ. ಆ ಖಾತೆಗೂ ಮೊದಲು ಜರ್ಮನಿಯ ಆ ಊರಿನ ಕಚೇರಿಯಲ್ಲಿ ವಿಳಾಸ ನೋಂದಾಯಿಸಿದೆ. ಅಲ್ಲಿನ ಮನೆಗೆ ಹೋದ ಎರಡು ವಾರದೊಳಗೆ ಅದು ಆಗಬೇಕು, ಅದಕ್ಕೆ ಮನೆ ಮಾಲೀಕರ ಪತ್ರವೂ ಬೇಕು. ಹಾಗಾಗಿ ಮೊದಲ ತಿಂಗಳ ಖರ್ಚು, ರೂಮಿನ ಡಿಪಾಸಿಟ್ ಎರಡನ್ನೂ ಮೊದಲೇ ಯೂರೊ ತುಂಬಿಸಿದ ಫಾರೆಕ್ಸ್ ಕಾರ್ಡಿನಲ್ಲಿ ಬೇರೆಯಾಗಿ ಒಯ್ದಿದ್ದೆ.

ಇಷ್ಟೆಲ್ಲ ಲೆಕ್ಕ ಹಾಕಿದವಳು ಟಿಕೆಟ್ ಮಾತ್ರ ಅಗ್ಗ ಅಂತ ಸೆಪ್ಟೆಂಬರ್ 28ಕ್ಕೆ ಇಳಿಯುವ ಹಾಗೆ ಮಾಡಿಸಿದ್ದೆ. ಆವತ್ತು ಭಾನುವಾರ. ಜರ್ಮನಿಯಲ್ಲಿ ಭಾನುವಾರ ಅಂಗಡಿಗಳು ಬಂದ್. ರೂಮಿನ ಕೀ ಕೊಡುವ ಕಚೇರಿಯೂ ಬಂದ್. ಸ್ಟೇಷನ್ ಹತ್ತಿರದ ಹಾಸ್ಟೆಲ್ ಒಂದರಲ್ಲಿ ರಾತ್ರಿ ಕಳೆದೆವು. ಅವಲಕ್ಕಿಯನ್ನು ನೀರಲ್ಲಿ ನೆನೆಸಿ, ಅಪ್ಪೆಮಿಡಿಯ ರಸ ಕಲಸಿ ನಾನು ತಿಂದೆ. ಕಾರವಾರದವಳು ಒಣಮೀನು ಹುರಿಯಲು ಒಲೆ ಎಲ್ಲಿದೆ ಅಂತ ಹುಡುಕುತ್ತಿದ್ದಳು.