ಫುಲ್ಕಾರಿಯ ದೃಷ್ಟಿಬೊಟ್ಟು

ನಾನು ಧಾರವಾಡದವಳು. ಕೆನಡಾದ ಅಬಾಟ್ಸ್‌ಫರ್ಡ್‌ಗೆ ಬಂದಾಗ ಕನ್ನಡದವರನ್ನು ನೋಡಬೇಕಂದ್ರೆ ವ್ಯಾಂಕೂವರ್ ಕಡೆಗೆ ಕಾರು ಓಡಿಸಬೇಕಿತ್ತು. ಪಂಜಾಬಿ ಸಂಘವಾದರೆ ಮನೆಯಿಂದ ಎರಡೇ ರಸ್ತೆ ಆಚೆ. ಸುಮ್ನೆ ಹೋಗಿ ಸೇರಿಕೊಂಡೆ. ಪಂಜಾಬಿ ಬಾರದ ನನಗೆ ಮನೆಮನೆಯ ಹಳೆ ಫೋಟೋ, ಬಟ್ಟೆಗಳನ್ನು ರಿಜಿಸ್ಟರಿಗೆ ಏರಿಸುವ ಕೆಲಸ ಕೊಟ್ಟರು.

ಇಲ್ಲಿಯ ಪಂಜಾಬಿಗಳು ನಿನ್ನೆ ಮೊನ್ನೆ ಬಂದವರಲ್ಲ. ಸೌತ್ ಫ್ರೇಸರ್ ವೇ ರಸ್ತೆಯ ಗುರ್ ಸಿಖ್ ಗುರುದ್ವಾರ 1911ರಲ್ಲಿ ಕಟ್ಟಿದ್ದು. ಮರದ ಮಿಲ್ಲಿನಲ್ಲಿ ದುಡಿಯುತ್ತಿದ್ದವರು ಹಲಗೆಗಳನ್ನು ಬೆನ್ನ ಮೇಲೆ ಹೊತ್ತು ತಂದಿದ್ದರು. ಆ ಕಾಲದ ಫೋಟೋಗಳಲ್ಲಿ ಬರೀ ಪೇಟ, ಗಡ್ಡ. ಹೆಂಗಸರೇ ಇಲ್ಲ! ಹುಟ್ಟಿದ ದೇಶದಿಂದ ನೇರ ಪ್ರಯಾಣದಲ್ಲಿ ಬರದವರಿಗೆ ಪ್ರವೇಶವಿಲ್ಲ ಅಂತ 1908ರಲ್ಲಿ ಕಾನೂನು ಬಂತು. ಭಾರತದಿಂದ ಅಂಥ ಹಡಗೇ ಇರಲಿಲ್ಲ. ಹೆಂಡತಿ ಮಕ್ಕಳು ಎಷ್ಟೋ ವರ್ಷ ಊರಲ್ಲೇ ಉಳಿದರು.

ಅದಕ್ಕೇ ಹೆಂಗಸರ ಕೈಕೆಲಸದ ಒಂದು ತುಂಡು ಬಟ್ಟೆ ಸಿಕ್ಕರೂ ನಮಗೆ ಹಬ್ಬ.

ಒಬ್ಬ ಅಜ್ಜಿ ಫುಲ್ಕಾರಿ ತಂದರು, ಪಂಜಾಬಿ ಹೆಂಗಸರು ಕಸೂತಿ ಹಾಕುವ ಹೊದಿಕೆ. ಕಂದು ಖಾದಿಯ ಮೇಲೆ ಚಿನ್ನದ ಬಣ್ಣದ ರೇಷ್ಮೆ. ಬಟ್ಟೆ ಕಾಣದಷ್ಟು ಕಸೂತಿ ತುಂಬಿದ್ದರೆ ಅದನ್ನು ‘ಬಾಗ್’, ಅಂದರೆ ತೋಟ, ಅಂತಾರೆ. ಅಳತೆ ತೆಗೆದೆ, ಫೋಟೋ ತೆಗೆದೆ. ಒಂದು ಮೂಲೆಯಲ್ಲಿ ಹೂವೊಂದು ಕಪ್ಪು ದಾರದಲ್ಲಿತ್ತು. ದಾರ ಮುಗಿದಿರಬೇಕು, ಆಮೇಲೆ ಯಾರೋ ತೇಪೆ ಹಾಕಿದ್ದಾರೆ ಅಂದುಕೊಂಡು ‘ಮೂಲೆ ಹಾಳಾಗಿದೆ’ ಅಂತ ಬರೆದೆ. ಅಜ್ಜಿಯನ್ನು ಕೇಳಲೇ ಇಲ್ಲ. ಇನ್ನೊಂದು ತಪ್ಪೂ ಮಾಡಿದೆ, ಮಡಚಿ ಪೆಟ್ಟಿಗೆಗೆ ಹಾಕಿದೆ. ಆ ರೇಷ್ಮೆಗೆ ಹುರಿ ಇರಲ್ಲ, ಮಡಿಕೆ ಬಿದ್ದ ಕಡೆ ಎಳೆ ಹರಿಯುತ್ತೆ. ಈಗ ಉದ್ದನೆ ಕೊಳವೆಗೆ ಸುತ್ತಿಡುತ್ತೇನೆ, ನಡುವೆ ಆಮ್ಲವಿಲ್ಲದ ತೆಳು ಕಾಗದ.

ಮುಂದಿನ ವಾರ ಅಜ್ಜಿ ಮತ್ತೆ ಬಂದರು. ಈ ಸಲ ಪ್ರಶ್ನೆಪಟ್ಟಿ ಹಿಡಿಯಲಿಲ್ಲ. ಪಟ್ಟಿ ನೋಡಿದರೆ ಹಿರಿಯರು ಬ್ಯಾಂಕಿನಲ್ಲಿ ಕೂತವರ ಹಾಗೆ ಬಿಗಿಯಾಗಿಬಿಡುತ್ತಾರೆ. ಚಹಾ ಮಾಡಿ, ಬಟ್ಟೆಯನ್ನು ಅವರ ತೊಡೆಯ ಮೇಲೆ ಹರಡಿ ಸುಮ್ಮನೆ ಕೂತೆ. ನನ್ನ ಕಸೂತಿ ಸೀರೆಯ ಸೆರಗನ್ನೂ ತೋರಿಸಿದೆ. ಅವರು ತಕ್ಷಣ ಸೆರಗನ್ನು ತಿರುಗಿಸಿ ಹಿಂಭಾಗ ನೋಡಿದರು. ಗವಂತಿ ಹೊಲಿಗೆ ಎರಡೂ ಕಡೆ ಒಂದೇ ಥರ, ಗಂಟಿಲ್ಲ. ತಲೆದೂಗಿದರು. ಆಮೇಲೆ ಫುಲ್ಕಾರಿಯನ್ನು ತಿರುಗಿಸಿ ಬೆರಳಿಂದ ಎಳೆ ಎಣಿಸಿದರು. ಇದನ್ನು ಹೊಲಿಯುವುದೇ ಹಿಂಭಾಗದಿಂದ, ಎಣಿಸುತ್ತಾ. ಹೂವು ಅರಳುವುದು ಆಚೆ ಕಡೆ.

ಕಪ್ಪು ಹೂವಿನ ಬಗ್ಗೆ ಆಗ ಕೇಳಿದೆ. ಅಜ್ಜಿ ನಕ್ಕರು. ‘ನಜರ್’ ಅಂದರು. ನನಗೆ ಅನುವಾದ ಬೇಕಾಗಲಿಲ್ಲ. ನಮ್ಮಲ್ಲಿ ಮಗುವಿನ ಕೆನ್ನೆಗೆ ಇಡೋದು ಅದೇ ಅಲ್ವಾ!

ಜೊತೆಗಿದ್ದ ಮೊಮ್ಮಗಳಿಗೆ ಇದು ಗೊತ್ತೇ ಇರಲಿಲ್ಲ. ಸಂಘದ ಹುಡುಗರಿಗೆ ಇಂಥದ್ದನ್ನು ಕೇಳಲು ನಾಚಿಕೆ, ಪಂಜಾಬಿಯಾಗಿ ಇಷ್ಟೂ ಗೊತ್ತಿಲ್ವಾ ಅಂತಾರೆ ಅಂತ. ಹೊರಗಿನವಳಾದ ನನಗೆ ಆ ಭಯ ಇಲ್ಲ. ಈಗ ದಡ್ಡ ಪ್ರಶ್ನೆಗಳೆಲ್ಲ ನನ್ನ ಪಾಲಿಗೇ.

ರಿಜಿಸ್ಟರಿನಲ್ಲಿ ‘ಹಾಳಾಗಿದೆ’ ಅನ್ನೋದನ್ನು ಹೊಡೆದುಹಾಕಿ ಸರಿ ಮಾಡಿದೆ. ಪಕ್ಕದಲ್ಲಿ ಪಂಜಾಬಿಯ ಗುರ್ಮುಖಿ ಲಿಪಿಯಲ್ಲಿ ಬರೆಯಲು ಮೊಮ್ಮಗಳಿಗೆ ಕೊಟ್ಟೆ. ಎರಡು ಅಕ್ಷರ ಬರೆದಿದ್ದಳೋ ಇಲ್ಲವೋ, ತಪ್ಪು ತಪ್ಪು ಅಂತ ಅಜ್ಜಿ ಪೆನ್ನು ಕಸಿದುಕೊಂಡರು.