ಮುಖ ನೋಡದ ಗಿರಾಕಿಗೆ ಸೆಲ್ಫ್ ಎಲ್‌ಆರ್: ನನ್ನ ಅನುಭವ

ನನ್ನದು ಜೀನ್ಸ್ ಪ್ಯಾಂಟಿನ ಸಗಟು ವ್ಯಾಪಾರ. ಸೆಲ್ಫ್ ಎಲ್‌ಆರ್, ಅಂದರೆ ಮಾಲು ಬಿಡಿಸಿಕೊಳ್ಳುವವರ ಜಾಗದಲ್ಲೂ ನನ್ನದೇ ಹೆಸರಿರುವ ಲಾರಿ ರಸೀದಿ ಹಾಕಿ ಮಾಲು ಕಳಿಸ್ತೀನಿ ಅಂದಾಗ ಬಳ್ಳಾರಿಯ ಕೌಲ್‌ಬಜಾರಿನಲ್ಲಿ ಒಬ್ಬರೂ ಒಪ್ಪಲಿಲ್ಲ. "ಗಿರಾಕಿ ಹೆಸರಿಗೆ ಬುಕ್ ಮಾಡ್ಲಿಲ್ಲಂದ್ರೆ ಅವನು ನಿನ್ನನ್ನೇ ಕಳ್ಳ ಅಂತಾನ, ಆರ್ಡರ್ ಬೇರೆಯವರಿಗೆ ಹೋಗ್ತದ" ಅಂದರು. ಎರಡು ವರ್ಷ ದಾಟಿತು. ವಾಟ್ಸ್‌ಆ್ಯಪ್, ಫೇಸ್‌ಬುಕ್‌ನಲ್ಲಿ ಬಂದ, ಮುಖ ನೋಡದ ಗಿರಾಕಿಗಳಿಗೆ ಹತ್ತಿರ ಹತ್ತಿರ ನೂರೈವತ್ತು ಬಂಡಲ್ ಹೋಗಿವೆ. ಹತ್ತೋ ಹನ್ನೊಂದೋ ವಾಪಸ್ ಬಂದಿವೆ. ಒಂದೂ ಮುಳುಗಿಲ್ಲ. ಅದಕ್ಕೆ ಮುಂಚಿನ ಒಂದೂವರೆ ವರ್ಷದಲ್ಲಿ ಮುಳುಗಿದ್ದು ಸುಮಾರು ಅರ್ಧ ಲಕ್ಷ. 26,000 ರೂಪಾಯಿ ನಾಲ್ಕು ತಿಂಗಳು ಬ್ಯಾಂಕಿನಲ್ಲಿ ಸಿಕ್ಕಿಬಿದ್ದದ್ದು ಬೇರೆ.

ನಾನು ಹಿಡಿದ ಪಟ್ಟು ಒಂದೇ: ಎದುರಿನವರು ತೋರಿಸಿದ್ದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ನನ್ನ ಫೋನಿನಲ್ಲಿ, ನನ್ನ ಪಾಸ್‌ಬುಕ್‌ನಲ್ಲಿ, ನಾನೇ ತೆರೆದ ಪೋರ್ಟಲ್‌ನಲ್ಲಿ ಕಂಡದ್ದಷ್ಟೇ ಲೆಕ್ಕ.

ಕಳಿಸುವ ಕ್ರಮ ಹೀಗೆ. ನೂರು ಪ್ಯಾಂಟಿನ ಒಂದು ಬಂಡಲ್ 55ರಿಂದ 60 ಕೆ.ಜಿ. ತೂಗುತ್ತದೆ. ಪೀಸಿಗೆ 390ರ ಹಾಗೆ ಹಿಡಿದರೆ ಮಾಲು 39,000. ಕರ್ನೂಲು, ಮಹಬೂಬ್‌ನಗರ, ಸೊಲ್ಲಾಪುರದ ಕಡೆ ಹಮಾಲಿ ಸೇರಿ ಬಾಡಿಗೆ 350ರಿಂದ 400. ಲಾರಿ ಬುಕಿಂಗ್ ಆಫೀಸಿನಲ್ಲಿ ಕಳಿಸುವವರೂ ನಾನೇ, ಬಿಡಿಸಿಕೊಳ್ಳುವವರೂ ನಾನೇ, ಅಂದರೆ 'ಸೆಲ್ಫ್', ಬಾಡಿಗೆ ಟು-ಪೇ, ಮಾಲು ಎತ್ತುವಾಗ ಅಲ್ಲೇ ಕೊಡುವುದು. ಬಿಲ್ಲು ಮಾತ್ರ ಗಿರಾಕಿಯ ಹೆಸರಿಗೆ, ಅವರ ಜಿಎಸ್‌ಟಿ ನಂಬರಿಗೆ. ಬಿಲ್ಲು 50,000 ದಾಟಿದರೆ ಮಾಲು ಸಾಗಣೆಯ ಇ-ವೇ ಬಿಲ್ಲು ಬೇಕೇ ಬೇಕು, ಅದೂ ಅವರ ನಂಬರಿಗೇ. ಮಾಲು ಆ ಊರಿನ ಗೋಡೌನಿಗೆ ಮುಟ್ಟಿದ ಮೇಲೆ ಗಿರಾಕಿಗೆ ಎಲ್‌ಆರ್‌ನ ಫೋಟೋ ಕಳಿಸುತ್ತೇನೆ, ನಂಬರಿನ ಕೊನೆಯ ನಾಲ್ಕು ಅಂಕಿ ಹೆಬ್ಬೆರಳಲ್ಲಿ ಮುಚ್ಚಿ. ಅವರು ಗೋಡೌನಿಗೆ ಹೋಗಿ ಬಂಡಲ್ ಕಣ್ಣಿಂದ ನೋಡಬಹುದು, ಮುಟ್ಟಬಹುದು, ಎತ್ತಿಕೊಂಡು ಹೋಗಲಾರರು. ಬಾಕಿ ಹಣ ನನ್ನ ಖಾತೆಗೆ ಬಿದ್ದ ಮೇಲೆ ಲೆಟರ್‌ಹೆಡ್‌ನಲ್ಲಿ ಡೆಲಿವರಿ ಪತ್ರ ಬರೆದು, ಸೀಲು ಹಾಕಿ, ಬಳ್ಳಾರಿಯ ಬುಕಿಂಗ್ ಆಫೀಸಿಗೇ ಕೊಟ್ಟು, ಅವರ ಫೋನಿನಿಂದಲೇ ಆ ಗೋಡೌನಿಗೆ ಹೇಳಿಸುತ್ತೇನೆ.

ಅಡ್ವಾನ್ಸ್ ಎಷ್ಟು ಅನ್ನುವುದರಲ್ಲೇ ಬಹಳ ದಿನ ಎಡವಿದೆ. ಮೊದಲು ಅರ್ಧ ಕೇಳುತ್ತಿದ್ದೆ. ಹೊಸ ಗಿರಾಕಿ ಹತ್ತರಲ್ಲಿ ಎಂಟು ಮಂದಿ ಮಾತು ನಿಲ್ಲಿಸುತ್ತಿದ್ದರು. ಅವರಿಗೂ ನಮ್ಮ ಮೇಲೆ ಅದೇ ಭಯ, ಅದರಲ್ಲಿ ತಪ್ಪೇನಿಲ್ಲ. ಆಮೇಲೆ ಏನೂ ಕೇಳದೆ ಕಳಿಸಿದೆ; ಮಾಲು ಗೋಡೌನಿನಲ್ಲೇ ಕೊಳೆತು ವಾಪಸ್ ಬಾಡಿಗೆ ನನ್ನ ತಲೆಗೆ ಬಂತು. ಈಗ ಲೆಕ್ಕ ಸರಳ: ಹೋಗುವ ಬಾಡಿಗೆ, ಬರುವ ಬಾಡಿಗೆ, ಗೋಡೌನಿನಲ್ಲಿ ಮಾಲು ಉಳಿದರೆ ಹಾಕುವ ನಾಲ್ಕಾರು ದಿನದ ಡೆಮರೇಜ್, ಎಲ್ಲ ಸೇರಿ ಬಂಡಲಿಗೆ 1,000. ಗಿರಾಕಿ ಕೈಬಿಟ್ಟರೂ ನನ್ನ ಜೇಬಿನಿಂದ ಹೋಗುವುದಿಲ್ಲ. 1,000 ಕೊಡಲು ನಿಜವಾದ ಅಂಗಡಿಯವರು ಹಿಂದೆಮುಂದೆ ನೋಡುವುದಿಲ್ಲ. ಈ ಒಂದು ಬದಲಾವಣೆಯಿಂದ ವ್ಯಾಪಾರ ಉಳಿಯಿತು ಅಂತಲೇ ಹೇಳುತ್ತೇನೆ.

ಈ ಕ್ರಮದಲ್ಲೂ ತೂತಿದೆ. ಕೆಲವು ಗೋಡೌನುಗಳಲ್ಲಿ ಎಲ್‌ಆರ್ ನಂಬರ್ ಮತ್ತು ಬಂಡಲಿನ ಮಾರ್ಕಾ (ಮೇಲೆ ಬರೆದ ಗುರುತು) ಬಾಯಿಂದ ಹೇಳಿದರೆ ಮಾಲು ಕೊಟ್ಟುಬಿಡುತ್ತಾರೆ. ಒಮ್ಮೆ ಹಾಗೆ ಹೋಯಿತು. 12,000 ಬಾಕಿ ಎಳೆಯಲು ಮೂರು ವಾರ ಹಿಡಿಯಿತು. ಅಂದಿನಿಂದ ಬಂಡಲ್ ಮೇಲೆ ಗಿರಾಕಿಯ ಹೆಸರಾಗಲಿ ಊರಾಗಲಿ ಬರೆಯುವುದಿಲ್ಲ, ನನ್ನ ಮಾರ್ಕಾ ಒಂದೇ. ಬುಕಿಂಗ್ ಮಾಡುವಾಗ 'ಒರಿಜಿನಲ್ ಪತ್ರವಿಲ್ಲದೆ ಡೆಲಿವರಿ ಇಲ್ಲ' ಎಂದು ಎಲ್‌ಆರ್ ಮೇಲೆಯೇ ಬರೆಸುತ್ತೇನೆ.

ಈಗ ಹಣ ಬಂತೋ ಇಲ್ಲವೋ ಎಂಬ ವಿಷಯ. ನಮ್ಮಲ್ಲಿ ಹೆಚ್ಚು ಜನ ಬಿದ್ದದ್ದು 'ಹಣ ಹಾಕಿದೆ' ಎಂಬ ಸ್ಕ್ರೀನ್‌ಶಾಟಿಗೆ. ನಾನು ಕೂಡ 48 ಪೀಸು ಕಳೆದುಕೊಂಡೆ, ಸುಮಾರು 18,000. ಹಸಿರು ಟಿಕ್, ಹೆಸರು, ಸಮಯ ಎಲ್ಲ ಅಚ್ಚುಕಟ್ಟಾಗಿ ತೋರಿಸುವ ನಕಲಿ ಆ್ಯಪ್‌ಗಳಿವೆ. ಹೀಗಾಗಿ ಚಿತ್ರ ನೋಡುವುದನ್ನೇ ಬಿಟ್ಟೆ, ಪ್ರತಿ ಹಣ ವರ್ಗಾವಣೆಗೆ ಬ್ಯಾಂಕು ಕೊಡುವ ನಂಬರ್, ಅಂದರೆ ಯುಟಿಆರ್, ಅಕ್ಷರದಲ್ಲಿ ಟೈಪ್ ಮಾಡಿ ಕಳಿಸಲು ಕೇಳುತ್ತೇನೆ. ಯುಪಿಐ ಆದರೆ 12 ಅಂಕಿ, ನೆಫ್ಟ್ ಆದರೆ 16 ಅಕ್ಷರ, ಆರ್‌ಟಿಜಿಎಸ್ ಆದರೆ 22. 'ಆರ್‌ಟಿಜಿಎಸ್ ಮಾಡೀನಿ' ಅಂತ 39,000ಕ್ಕೆ ರಸೀದಿ ಕಳಿಸಿದರೆ ಅಲ್ಲಿಗೇ ಸುಳ್ಳು. ಆರ್‌ಟಿಜಿಎಸ್ ಶುರುವಾಗುವುದೇ 2 ಲಕ್ಷದಿಂದ. ನಂಬರ್ ಸರಿ ಕಂಡರೂ ಬ್ಯಾಂಕ್ ಆ್ಯಪ್ ತೆರೆದು ಸ್ಟೇಟ್‌ಮೆಂಟಿನಲ್ಲಿ ಅದೇ ಯುಟಿಆರ್ ಹುಡುಕುತ್ತೇನೆ. ಬ್ಯಾಲೆನ್ಸ್ ನೋಡಿದರೆ ಸಾಲದು: ಯಾರೋ ಚೆಕ್ ಹಾಕಿದ್ದರೆ ಕ್ಲಿಯರ್ ಆಗುವ ಮೊದಲೇ ಮೊತ್ತ ಕಾಣಿಸಬಹುದು, ಆಮೇಲೆ ಬೌನ್ಸ್ ಆದರೆ ಕಳೆಯುತ್ತದೆ. 'ನಿಮ್ಮ ಖಾತೆಗೆ ಜಮಾ' ಎಂಬ ಎಸ್‌ಎಂಎಸ್ ಹತ್ತಂಕಿಯ ಮೊಬೈಲ್ ನಂಬರಿನಿಂದ ಬಂದಿದ್ದರೆ ಅದು ಬ್ಯಾಂಕಿನದಲ್ಲ. ಅದರ ಹಿಂದೆಯೇ 'ಅಣ್ಣಾ, ಒಂದು ಸೊನ್ನೆ ಜಾಸ್ತಿ ಬಿತ್ತು, ಉಳಿದದ್ದು ವಾಪಸ್ ಹಾಕಿ' ಅಂತ ಫೋನ್ ಬರುತ್ತದೆ. ಕೌಂಟರಿನ ಹುಡುಗರಿಗೂ ಒಂದು ಮಾತು ಕಲಿಸಿದ್ದೇನೆ: ಹಣ ಬರಬೇಕಾದರೆ ಕ್ಯೂಆರ್ ಸ್ಕ್ಯಾನ್ ಮಾಡುವುದೂ ಇಲ್ಲ, ಪಿನ್ ಒತ್ತುವುದೂ ಇಲ್ಲ. ವ್ಯಕ್ತಿಯಿಂದ ವ್ಯಕ್ತಿಗೆ ಕಲೆಕ್ಟ್ ರಿಕ್ವೆಸ್ಟ್ (ಹಣ ಹಾಕಿ ಎಂಬ ಕೋರಿಕೆ) ಕಳಿಸುವುದನ್ನು 2025ರ ಅಕ್ಟೋಬರ್ 1ರಿಂದ ಯುಪಿಐ ನಡೆಸುವ ಎನ್‌ಪಿಸಿಐ ನಿಲ್ಲಿಸಿದ ಮೇಲೆ ಮಿಲಿಟರಿಯವರ ವೇಷದ ಮೋಸಗಾರರೆಲ್ಲ ಕ್ಯೂಆರ್ ಹಿಡಿದುಕೊಂಡು ಬರುತ್ತಿದ್ದಾರೆ. ಐಡಿ ಕಾರ್ಡು, ಯೂನಿಫಾರ್ಮ್ ಫೋಟೋ, ಹಿಂದಿಯಲ್ಲಿ ಅವಸರದ ಮಾತು. ಸೈಜೂ ಕೇಳುವುದಿಲ್ಲ, ವಾಷೂ ಕೇಳುವುದಿಲ್ಲ, ರೇಟಿಗೆ ಒಂದು ರೂಪಾಯಿ ಚೌಕಾಸಿಯೂ ಇಲ್ಲ. ನಿಜವಾದ ಅಂಗಡಿಯವರು ಮೊದಲು ಕೇಳುವುದೇ 28ರಿಂದ 36ರವರೆಗೆ ರೇಷಿಯೋ ಏನು, ಅಂದರೆ ಯಾವ ಸೈಜಿನ ಪೀಸು ಎಷ್ಟೆಷ್ಟು ಅಂತ. ಇನ್ನೊಂದು ಪ್ರಶ್ನೆಯನ್ನು ನಾನೇ ಕೇಳುತ್ತೇನೆ, ಅಂಗಡಿ ನಡೆಸದವರು ಅದಕ್ಕೆ ಉತ್ತರ ಹೇಳಲಾರರು. ಅದನ್ನು ಇಲ್ಲಿ ಬರೆದರೆ ನಾಳೆ ಅವರೂ ಕಲಿತುಬಿಡುತ್ತಾರೆ.

ಎಲ್ಲಕ್ಕಿಂತ ಕೆಟ್ಟದ್ದು ನಿಜವಾಗಿಯೂ ಬರುವ ಹಣ. ಇದನ್ನು ನಮ್ಮವರು ಇನ್ನೂ ಗಂಭೀರವಾಗಿ ತೆಗೆದುಕೊಂಡಿಲ್ಲ. ಮೋಸಗಾರ ಬೇರೆ ಯಾರನ್ನೋ ವಂಚಿಸಿ, ಆ ವ್ಯಕ್ತಿಯಿಂದಲೇ ನೇರ ನಿಮ್ಮ ಖಾತೆಗೆ ಹಣ ಹಾಕಿಸಿ, ಮಾಲನ್ನು ತಾನು ಎತ್ತಿಕೊಳ್ಳುತ್ತಾನೆ. ಹಣ ಕಳೆದುಕೊಂಡವರು ದೂರು ಕೊಟ್ಟ ಕೂಡಲೇ ನಿಮ್ಮ ಖಾತೆಯ ಮೇಲೆ ಲೀನ್, ಅಂದರೆ ಆ ಹಣ ತೆಗೆಯದಂತೆ ತಡೆ, ಬೀಳುತ್ತದೆ, ಕೆಲವೊಮ್ಮೆ ಇಡೀ ಖಾತೆಯೇ ಬಂದ್. ನನ್ನ 26,000 ಹೀಗೆ ಸಿಕ್ಕಿಬಿದ್ದದ್ದು. ಬಿಡಿಸಲು ಬ್ಯಾಂಕಿನಿಂದ ಮೊದಲು ದೂರಿನ ಅಕ್ನಾಲೆಡ್ಜ್‌ಮೆಂಟ್ ನಂಬರ್ ಮತ್ತು ಅದು ದಾಖಲಾದ ಠಾಣೆ ಯಾವುದೆಂದು ಬರೆಸಿಕೊಳ್ಳಬೇಕು. ಆ ಠಾಣೆಗೆ ಬಿಲ್ಲು, ಎಲ್‌ಆರ್, ಚಾಟ್, ಪ್ಯಾಕಿಂಗ್ ವಿಡಿಯೋ ಎಲ್ಲ ಕಳಿಸಿ, ಇಡೀ ಖಾತೆ ಬಿಟ್ಟು ತಕರಾರಿನ ಮೊತ್ತಕ್ಕೆ ಮಾತ್ರ ತಡೆ ಇಡಿ ಎಂದು ಬರಹದಲ್ಲಿ ಕೇಳಬೇಕು. ಈಗ ನನ್ನ ನಿಯಮ ಗಟ್ಟಿ: ಬಿಲ್ಲಿನಲ್ಲಿರುವ ಹೆಸರು, ಹಣ ಹಾಕಿದ ಹೆಸರು ಒಂದೇ ಇರಬೇಕು. 'ನಮ್ಮ ಭಾವ ಹಾಕ್ತಾರ' ಅಂದರೆ ಭಾವನ ಹೆಸರಿಗೇ ಬಿಲ್ಲು, ಭಾವನ ಜೊತೆಗೇ ಮಾತು. ಬೇರೆ ಹೆಸರಿನಿಂದ ಬಂದುಬಿಟ್ಟರೆ ಮಾಲು ನಿಲ್ಲಿಸಿ, ಬಂದ ಖಾತೆಗೇ ಮರಳಿಸಲು ಬ್ಯಾಂಕಿಗೆ ಪತ್ರ ಕೊಡುತ್ತೇನೆ. ಅವರು ಹೇಳಿದ ಇನ್ನೊಂದು ನಂಬರಿಗೆ ಒಂದು ರೂಪಾಯಿಯನ್ನೂ ಹಾಕುವುದಿಲ್ಲ. ಆನ್‌ಲೈನ್ ವಸೂಲಿಗೆ ಬೇರೆಯೇ ಕರೆಂಟ್ ಅಕೌಂಟ್ ಇದೆ, ಸಂಬಳ ಮತ್ತು ವಾಷಿಂಗ್ ಬಿಲ್ಲಿನ ಹಣ ಅದರಲ್ಲಿ ಉಳಿಸುವುದಿಲ್ಲ. ಪೂರ್ತಿ ರಕ್ಷಣೆ ಅಂತಲ್ಲ, ಸರಪಳಿ ಹಿಡಿದು ಮುಂದಿನ ಖಾತೆಯನ್ನೂ ತಡೆಯಬಹುದು. ಆದರೆ ಶನಿವಾರದ ಬಟವಾಡೆ ನಿಂತಿಲ್ಲ.

ಕೊಳ್ಳುವಾಗ ಇದೇ ತಿರುವುಮುರುವು. ಡೆನಿಮ್ 'ಸ್ಟಾಕ್ ಲಾಟ್' (ಮಾರದೆ ಉಳಿದ ಮಾಲು) ಅರ್ಧ ರೇಟಿಗೆ ಎಂಬ ಜಾಹೀರಾತಿಗೆ 22,000 ಹೋಯಿತು. ಜಿಎಸ್‌ಟಿ ನಂಬರ್ ಅಸಲಿಯೇ ಇತ್ತು, ಬೇರೆ ಯಾರದ್ದೋ ಆಗಿತ್ತು. ಈಗ ಜಿಎಸ್‌ಟಿ ಪೋರ್ಟಲ್‌ನಲ್ಲಿ ನಂಬರ್ ಹಾಕಿ ನಾಲ್ಕು ಸಂಗತಿ ನೋಡುತ್ತೇನೆ. ಮೊದಲ ಎರಡಂಕಿ ರಾಜ್ಯದ್ದು: ಅಹಮದಾಬಾದ್ ಅಂದರೆ 24, ಭಿವಂಡಿ ಅಂದರೆ 27, ನಮ್ಮದು 29. ನೋಂದಣಿ ತಾರೀಕು, 'ಇಪ್ಪತ್ತು ವರ್ಷದ ಫರ್ಮ್' ಅನ್ನುವವರು ಮೊನ್ನೆ ನೋಂದಣಿ ಮಾಡಿಸಿದ್ದರೆ ಕೈಬಿಡುತ್ತೇನೆ. ರಿಟರ್ನ್ ಸಾಲಾಗಿ ತುಂಬಿದ್ದಾರೋ ಇಲ್ಲವೋ. ಕೊನೆಯದು ಲೀಗಲ್ ಹೆಸರು, ಅದು ಬ್ಯಾಂಕ್ ಖಾತೆಯ ಹೆಸರಿಗೆ ಕೂಡಬೇಕು. ನೆಫ್ಟ್, ಆರ್‌ಟಿಜಿಎಸ್‌ಗೂ ಹಣ ಹಾಕುವ ಮುನ್ನ ಖಾತೆದಾರರ ಹೆಸರು ತೋರಿಸುವ ವ್ಯವಸ್ಥೆಯನ್ನು 2025ರ ಏಪ್ರಿಲ್ 1ರೊಳಗೆ ತರಬೇಕೆಂದು ರಿಸರ್ವ್ ಬ್ಯಾಂಕ್ ಹೇಳಿದ್ದರಿಂದ ಇದು ಸುಲಭವಾಗಿದೆ. ಫರ್ಮಿನ ಹೆಸರಲ್ಲಿ ಬಿಲ್ಲು ಕೊಟ್ಟು ಯಾರದೋ ಸೇವಿಂಗ್ಸ್ ಖಾತೆಗೆ ಹಾಕಿ ಅಂದರೆ ಮಾತು ಮುಗಿಯಿತು.

ಹಳೆಯ ಹೊಲಿಗೆ ಮೆಷಿನ್ ಕೊಳ್ಳುವವರಿಗೆ ಒಂದೆರಡು ಮಾತು. ಫೋಟೋವನ್ನು ಗೂಗಲ್ ಲೆನ್ಸ್‌ಗೆ ಹಾಕಿದರೆ ಅದೇ ಜೂಕಿ ಕಂಪನಿಯ ಮೆಷಿನ್ ನಾಲ್ಕು ಊರಿನಲ್ಲಿ ಮಾರಾಟಕ್ಕಿರುವುದು ಕಾಣುತ್ತದೆ. ವಿಡಿಯೋ ಕಾಲ್‌ನಲ್ಲಿ ಹೆಡ್ ಎತ್ತಿಸಿ ಆಯಿಲ್ ಪ್ಯಾನ್ ನೋಡಿ, ಸೀರಿಯಲ್ ಪ್ಲೇಟು ಓದಿಸಿ, ಕೈಯಿಂದ ಚಕ್ರ ತಿರುಗಿಸಿ ನೀಡಲ್ ಬಾರ್ ಅಲ್ಲಾಡುತ್ತದೆಯೇ ನೋಡಿ. ಆಮೇಲೆ ಆರು ಮಡಿಕೆ ಡೆನಿಮ್ ಮೇಲೆ ಓಡಿಸಲು ಹೇಳಿ. ಜೂಕಿಯ ಡಿಡಿಎಲ್-8700 ಮಾಡೆಲ್‌ನಲ್ಲಿ ದಪ್ಪ ಬಟ್ಟೆಗೆ 'ಎಚ್' ಬೇರೆ ಇದೆ; ಷರ್ಟ್ ಹೊಲಿದ ಸಾದಾ ಹೆಡ್ಡನ್ನೇ ಜೀನ್ಸಿನದು ಅಂತ ದಾಟಿಸುತ್ತಾರೆ. ಡೆನಿಮ್ ತುಂಡು ಇಲ್ಲ ಅಂದವರಿಗೆ ನಾನೇ ಕೊರಿಯರ್‌ನಲ್ಲಿ ತುಂಡು ಕಳಿಸಿದ್ದೇನೆ, 60 ರೂಪಾಯಿ ಖರ್ಚು. ಮೋಸದವರು ತುಂಡು ತರಿಸಿಕೊಳ್ಳಲು ವಿಳಾಸವನ್ನೇ ಕೊಡುವುದಿಲ್ಲ.

ಬಿಡಿ ಪೀಸನ್ನು ಕ್ಯಾಶ್ ಆನ್ ಡೆಲಿವರಿಯಲ್ಲಿ ಮಾರಿದ್ದು ಒಂದು ಪ್ರಯೋಗ. ರಿಟರ್ನ್‌ನಲ್ಲಿ ಹಳೇ ಹರಿದ ಪ್ಯಾಂಟು ಬರತೊಡಗಿ ಸುಮಾರು 9,000 ಹೋಯಿತು. ಟ್ಯಾಗಿಗೆ ಕ್ಯೂಆರ್ ಅಂಟಿಸಿದೆ. ಟ್ಯಾಗ್ ಕಿತ್ತು ಹಳೆಯದಕ್ಕೆ ಹಾಕಿ ಕಳಿಸಿದರು. ಈಗ ಪ್ಯಾಂಟಿನ ಒಳಗೇ ಒಂದು ಗುರುತು ಹೊಲಿಯುತ್ತೇವೆ, ಎಲ್ಲಿ ಅಂತ ಕೇಳಬೇಡಿ. ಪ್ಯಾಕ್ ಮಾಡುವಾಗ ಆ ಗುರುತು, ತಕ್ಕಡಿಯ ಗ್ರಾಂ, ಪಾರ್ಸಲ್ ಲೇಬಲ್ ಮೂರೂ ಒಂದೇ ಶಾಟ್‌ನಲ್ಲಿ ಬರಬೇಕು, ಮಧ್ಯೆ ಕಟ್ ಆದರೆ ಪರಿಹಾರದ ಕ್ಲೇಮ್ ನಿಲ್ಲುವುದಿಲ್ಲ. ರಿಟರ್ನ್ ಬಿಚ್ಚುವಾಗಲೂ ಹಾಗೇ ವಿಡಿಯೋ. ಅಲ್ಲಿಂದ ಆರೇಳು ಕ್ಲೇಮ್ ಹಾಕಿದ್ದರಲ್ಲಿ ಐದು ಪಾಸಾಗಿವೆ.

ಆರ್ಡರ್ ತೆಗೆದುಕೊಳ್ಳುವ ಫೋನ್ ಬೇರೆ, ಬ್ಯಾಂಕಿನ ಸಿಮ್ ಇರುವ ಫೋನ್ ಬೇರೆ. 6,000ದ ಹಳೇ ಫೋನ್ ಸಾಕು. 'ಆರ್ಡರ್ ಲಿಸ್ಟ್' ಅಂತ ಬರುವ ಎಪಿಕೆ ಫೈಲು, ಅಂದರೆ ಅಡಗಿಸಿಟ್ಟ ಆ್ಯಪ್, ಒಮ್ಮೆ ಇನ್‌ಸ್ಟಾಲ್ ಆದರೆ ಒಟಿಪಿ ಎಸ್‌ಎಂಎಸ್‌ಗಳನ್ನು ಓದಿ ಮೋಸಗಾರರಿಗೆ ಸಾಗಿಸುತ್ತದೆ. ಆ ಫೋನಿನಲ್ಲಿ ಬ್ಯಾಂಕಿನ ಸಿಮ್ಮೇ ಇಲ್ಲದಿದ್ದರೆ ಓದಲು ಏನೂ ಸಿಗುವುದಿಲ್ಲ. ಪಾರ್ಸಲ್ ತಡವಾದರೆ ಕಸ್ಟಮರ್ ಕೇರ್ ನಂಬರ್ ಗೂಗಲ್‌ನಲ್ಲಿ ಹುಡುಕಬೇಡಿ, ಎಲ್‌ಆರ್ ಮೇಲೆ ಅಚ್ಚಾದ ನಂಬರಿಗೇ ಮಾಡಿ.

ಹಣ ಹೋಗೇಬಿಟ್ಟರೆ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್, ಆಮೇಲೆ ಸೈಬರ್ ಕ್ರೈಂ ಪೋರ್ಟಲ್, ಆಮೇಲೆ ಜಿಲ್ಲೆಯ ಸಿಇಎನ್ (ಸೈಬರ್ ಅಪರಾಧದ) ಠಾಣೆ. ತಡವಾದಷ್ಟೂ ಹಣ ಇನ್ನೊಂದು, ಮತ್ತೊಂದು ಖಾತೆಗೆ ಹಾರಿ ಎಟಿಎಂನಿಂದ ಹೊರಬೀಳುತ್ತದೆ. ದೂರು ಕೊಡುವಾಗ ಕೇಳುವುದು ಯುಟಿಆರ್, ಮೊತ್ತ, ಸಮಯ, ಎರಡೂ ಕಡೆಯ ಖಾತೆ ಅಥವಾ ಯುಪಿಐ ಐಡಿ, ಅವರ ಫೋನ್ ನಂಬರ್. ಇದಕ್ಕಾಗಿ ಪ್ರತಿ ಗಿರಾಕಿಗೆ ಒಂದು ಹಾಳೆ ಇಟ್ಟಿದ್ದೇನೆ, ಅಡ್ವಾನ್ಸ್ ಬಂದ ದಿನವೇ ತುಂಬುತ್ತೇನೆ. ಕಟಿಂಗ್ ಟೇಬಲ್ ಪಕ್ಕದ ಗೋಡೆಯ ಮೊಳೆಗೆ ನೇತುಹಾಕಿದ ಫೈಲಿನಲ್ಲಿ ಅದು ಇರುತ್ತದೆ, ನಾನಿಲ್ಲದಿದ್ದರೂ ಹುಡುಗರು ನೋಡಿ ಓದಿ ಹೇಳುವ ಹಾಗೆ.