ನಾಲ್ಕು ಸಲ ತೆಗೆದ ದುಡ್ಡು, ಹನ್ನೆರಡು ಸಾಲಿನ ಪಾಸ್‌ಬುಕ್

2024ರ ದಸರಾ ರಜೆಯಲ್ಲಿ ನಾನೂ ನಮ್ಮ ಮನೆಯವರೂ ಮೊದಲ ಸಲ ದೇಶ ಬಿಟ್ಟು ಹೊರಗೆ ಹೋಗಿದ್ದೆವು. ಥೈಲ್ಯಾಂಡಿಗೆ. 2023ರ ನವೆಂಬರಿನಿಂದ ಭಾರತದವರಿಗೆ ವೀಸಾ ಬೇಡ ಅಂತ ಅವರು ಹೇಳಿದ್ದೇ ನಮಗೆ ಧೈರ್ಯ ಕೊಟ್ಟಿತ್ತು. ವಾಪಸ್ ಬಂದು ಎರಡು ವಾರ ಆದ ಮೇಲೆ ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ಇರುವ ನಮ್ಮ ಬ್ಯಾಂಕಿಗೆ ಹೋಗಿ ಪಾಸ್‌ಬುಕ್ ಎಂಟ್ರಿ ಮಾಡಿಸಿದೆ. ಅಲ್ಲಿ ನಾನು ಎಟಿಎಂಗೆ ಹೋಗಿದ್ದು ನಾಲ್ಕೇ ಸಲ. ಪಾಸ್‌ಬುಕ್ಕಿನಲ್ಲಿ ಹನ್ನೆರಡು ಸಾಲು ಮೂಡಿದ್ದವು.

ನಾನು ಹೈಸ್ಕೂಲಿನಲ್ಲಿ ಗಣಿತ ಹೇಳುವವಳು. ಮನೆಗೆ ಬಂದು ಆ ಹನ್ನೆರಡು ಸಾಲನ್ನೂ ಬಿಡಿಸಿ ನೋಡಿದೆ. ಅಲ್ಲಿಯ ಕರೆನ್ಸಿ ಬಾತ್. ಆವಾಗ ಒಂದು ಬಾತ್ ಸುಮಾರು ಎರಡೂವರೆ ರೂಪಾಯಿ. ಪ್ರತಿ ಸಲ 2,000 ಬಾತ್ ತೆಗೆದಿದ್ದೆ, ಅಂದರೆ 5,000 ರೂಪಾಯಿ. ಅದರ ಮೇಲೆ ಅಲ್ಲಿನ ಎಟಿಎಂ ಹೊರದೇಶದ ಕಾರ್ಡಿಗೆ ಆಗ ಹಾಕುತ್ತಿದ್ದ ಶುಲ್ಕ 220 ಬಾತ್. ನಮ್ಮ ಲೆಕ್ಕದಲ್ಲಿ 550 ರೂಪಾಯಿ. ಆಮೇಲೆ ನಮ್ಮ ಬ್ಯಾಂಕಿನ ವಿದೇಶಿ ಎಟಿಎಂ ಶುಲ್ಕ 125, ಅದಕ್ಕೆ ಶೇ. 18 ಜಿಎಸ್‌ಟಿ ಸೇರಿ 147 ರೂಪಾಯಿ 50 ಪೈಸೆ. ಕೊನೆಗೆ ಕರೆನ್ಸಿ ಬದಲಿಸಿದ್ದಕ್ಕೆ ಮಾರ್ಕಪ್ ಅಂತ ಶೇ. 3.5, ಅದಕ್ಕೂ ಜಿಎಸ್‌ಟಿ. ಈ ಮಾರ್ಕಪ್ಪನ್ನು 2,000 ಬಾತಿಗೆ ಅಲ್ಲ, ಶುಲ್ಕ ಸೇರಿಸಿ 2,220 ಬಾತಿಗೆ ಹಾಕಿದ್ದರು. ಅದು 229 ರೂಪಾಯಿ. ಎಲ್ಲಾ ಕೂಡಿಸಿದರೆ 5,000 ರೂಪಾಯಿ ಕೈಗೆ ಬರಲು 927 ರೂಪಾಯಿ ಖರ್ಚು. ನಾಲ್ಕು ಸಲಕ್ಕೆ 3,700ಕ್ಕೂ ಜಾಸ್ತಿ.

ಇದು ಸಣ್ಣ ಮೊತ್ತ ಅಲ್ಲ. ನಮ್ಮ ಮನೆಯಲ್ಲಿ ಅಷ್ಟು ದುಡ್ಡಿಗೆ ಎಷ್ಟೋ ವಾರದ ಸಂತೆ ಆಗುತ್ತದೆ. ಹೋಗುವ ಮುಂಚೆ ಬ್ಯಾಂಕಿನಲ್ಲಿ ಕೇಳಿದ್ದೆ. ಕೌಂಟರಿನಲ್ಲಿದ್ದವರು, "ಇಂಟರ್‌ನ್ಯಾಷನಲ್ ಕಾರ್ಡ್ ಅದ ಮೇಡಂ, ಎಲ್ಲಾ ಕಡಿ ನಡೀತದ" ಅಂದಿದ್ದರು. ನಡೆಯಿತು, ಹೌದು. ಎಷ್ಟಕ್ಕೆ ನಡೆಯುತ್ತದೆ ಅನ್ನುವುದನ್ನು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಸ್ವಲ್ಪ ಸ್ವಲ್ಪವೇ ಯಾಕೆ ತೆಗೆದೆ ಅಂದರೆ, ಹೊಸ ಊರು, ಜೇಬುಗಳ್ಳರ ಭಯ. ಒಂದೇ ಸಲಕ್ಕೆ ಜಾಸ್ತಿ ಇಟ್ಟುಕೊಳ್ಳುವುದು ಬೇಡ ಅನ್ನಿಸಿತ್ತು. ನಮ್ಮೂರಿನಲ್ಲಿ ಉಚಿತ ಮಿತಿಯೊಳಗೆ ಹಾಗೆ ಮಾಡಿದರೆ ನಷ್ಟವಿಲ್ಲ. ಅಲ್ಲಿ ಮಾತ್ರ 500 ಬಾತ್ ತೆಗೆದರೂ 220, ಹತ್ತು ಸಾವಿರ ತೆಗೆದರೂ 220. ಅದೇ 8,000 ಬಾತನ್ನು ಒಂದೇ ಸಲಕ್ಕೆ ತೆಗೆದಿದ್ದರೆ ನನಗೆ ಬೀಳುತ್ತಿದ್ದದ್ದು 1,550 ರೂಪಾಯಿಯ ಒಳಗೆ. ಎರಡು ಸಾವಿರಕ್ಕೂ ಜಾಸ್ತಿ ಸುಮ್ನೆ ಉಳಿಯುತ್ತಿತ್ತು. ಇಲ್ಲಿ ಎರಡು ಥರದ ಖರ್ಚು ಇದೆ. ಒಂದು, ಪ್ರತಿ ಸಲಕ್ಕೆ ಇಷ್ಟು ಅಂತ. ಇನ್ನೊಂದು, ನೂರಕ್ಕೆ ಇಷ್ಟು ಅಂತ. ಮೊದಲನೆಯದನ್ನು ತಗ್ಗಿಸಲು ಎಟಿಎಂಗೆ ಹೋಗುವ ಸಲ ಕಮ್ಮಿ ಮಾಡಬೇಕು. ಎರಡನೆಯದು ಹಾಗೆ ತಗ್ಗುವುದಿಲ್ಲ. ಅದಕ್ಕೆ ಕಾರ್ಡೇ ಬೇರೆ ಬೇಕು.

ಮುಂದಿನ ವರ್ಷ ಮೇ ತಿಂಗಳಲ್ಲಿ ಅದನ್ನು ಮಾಡಿ ನೋಡುವ ಅವಕಾಶ ಬಂತು. ನಮ್ಮಕ್ಕ ಶಹಾಬಾದಿನಲ್ಲಿದ್ದಾಳೆ. ಸೇಡಂ ರಸ್ತೆಯ ಬುದ್ಧ ವಿಹಾರಕ್ಕೆ ತಪ್ಪದೆ ಬರುವವಳು. ಬ್ಯಾಂಕಾಕಿನ ವಾಟ್ ಫೋ ದೇವಸ್ಥಾನದಲ್ಲಿ ಮಲಗಿರುವ ಬುದ್ಧನ ಫೋಟೋ ತೋರಿಸಿದಾಗಿನಿಂದ ಒಂದೇ ಹಟ, ಅದನ್ನು ನೋಡಬೇಕು ಅಂತ. ನನ್ನ ಪಾಸ್‌ಬುಕ್ಕಿನ ಕಥೆ ಕೇಳಿ, "ನಮ್ಮ ರೊಕ್ಕ ನಾವು ತಗೊಳ್ಳಾಕ ಮತ್ತ ರೊಕ್ಕ ಕೊಡಬೇಕೇನು?" ಅಂದಳು. ಅವಳ ಪಿಂಚಣಿ ದುಡ್ಡು ಅದು. ಒಂದು ರೂಪಾಯಿಯನ್ನೂ ದಂಡ ಮಾಡಬಾರದು ಅಂತ ನಾನು ನಿರ್ಧಾರ ಮಾಡಿದೆ.

ಮೊದಲು ನಗದು ಎಷ್ಟು ಬೇಕು ಅಂತ ಬರೆದೆ. ಹೋಟೆಲು ಮುಂಗಡ ಕೊಟ್ಟಾಗಿತ್ತು. ನಗದು ಬೇಕಾಗುವುದು ರಸ್ತೆ ಬದಿಯ ಊಟಕ್ಕೆ, ಹಣ್ಣಿಗೆ, ಟುಕ್‌ಟುಕ್‌ಗೆ, ದೋಣಿಗೆ, ದೇವಸ್ಥಾನದ ಟಿಕೆಟ್ಟಿಗೆ. ವಾಟ್ ಫೋಗೇ ಒಬ್ಬರಿಗೆ 300 ಬಾತ್. ಅಲ್ಲಿಯ ಗಾಡಿ ಅಂಗಡಿಗಳಲ್ಲೂ ಕ್ಯೂಆರ್ ಇದೆ. ಆದರೆ ನಮ್ಮ ಫೋನ್‌ಪೇ ಅದನ್ನು ಓದಲಿಲ್ಲ. ಹಿಂದಿನ ಸಲದ ಖರ್ಚಿನ ಚೀಟಿಗಳನ್ನು ಇಟ್ಟುಕೊಂಡಿದ್ದೆ. ಆರು ದಿನಕ್ಕೆ ಇಬ್ಬರಿಗೂ ಸೇರಿ 20,000 ಬಾತ್ ಸಾಕು ಅಂತ ಲೆಕ್ಕ ಬಂತು.

ಇದರಲ್ಲಿ ಮುಕ್ಕಾಲು ಭಾಗವನ್ನು ಎಟಿಎಂ ಮುಟ್ಟದೆಯೇ ತಗೊಳ್ಳೋಣ, ಅಲ್ಲಿ ಹೋಗಿ ಬಾತಿಗೆ ಬದಲಿಸೋಣ ಅಂತ 500 ಡಾಲರ್ ಕೊಂಡೆ. ಬಾತ್ ಯಾಕಲ್ಲ ಅಂತ ಕೇಳಬಹುದು. ನಮ್ಮ ಕಡೆ ಬಾತ್ ಕೇಳುವವರು ಕಮ್ಮಿ. ಹಾಗಾಗಿ ಕೊಳ್ಳುವ ದರಕ್ಕೂ ಮಾರುವ ದರಕ್ಕೂ ನಡುವೆ ಬಹಳ ಅಂತರ ಇಟ್ಟಿರುತ್ತಾರೆ. ಡಾಲರಿನಲ್ಲಿ ಆ ಅಂತರ ಸಣ್ಣದು. ಕಲಬುರಗಿಯಲ್ಲಿ ಒಂದು ಕಡೆ, ಹೈದರಾಬಾದಿನಲ್ಲಿ ಮೂರು ಕಡೆ ಫೋನು ಮಾಡಿ ಒಂದೇ ಪ್ರಶ್ನೆ ಕೇಳಿದೆ: "500 ಡಾಲರಿಗೆ ಎಲ್ಲಾ ಸೇರಿ ಕೈಯಿಂದ ಎಷ್ಟು ಕೊಡಬೇಕು?" ದರ ಎಷ್ಟು, ಕಮಿಷನ್ ಎಷ್ಟು ಅಂತ ಬಿಡಿಬಿಡಿಯಾಗಿ ಕೇಳಿದರೆ ಹೋಲಿಸಲು ಆಗುವುದಿಲ್ಲ. ಹೈದರಾಬಾದಿನಲ್ಲಿ ಕಮ್ಮಿ ಸಿಕ್ಕಿತು. ವಿಮಾನ ಹತ್ತಲು ಹೇಗೂ ಅಲ್ಲಿಗೇ ಹೋಗಬೇಕು, ಒಂದು ದಿನ ಮುಂಚೆ ರೈಲು ಹತ್ತಿದೆವು. ಕೊಟ್ಟದ್ದು 43,000 ರೂಪಾಯಿಯ ಆಸುಪಾಸು. ಜಿಎಸ್‌ಟಿ 77 ರೂಪಾಯಿ ಮಾತ್ರ. ಒಂದು ಲಕ್ಷದವರೆಗೆ ಮೊತ್ತದ ಶೇ. 1ನ್ನು ಲೆಕ್ಕಕ್ಕೆ ಹಿಡಿದು ಅದರ ಮೇಲೆ ಶೇ. 18 ಹಾಕುತ್ತಾರೆ, ಅದಕ್ಕೇ ಅಷ್ಟು ಕಮ್ಮಿ. 50,000 ರೂಪಾಯಿ ದಾಟಿದರೆ ನಗದು ಕೊಟ್ಟು ಕೊಳ್ಳುವ ಹಾಗಿಲ್ಲ, ಖಾತೆಯಿಂದಲೇ ಕೊಡಬೇಕು. ಪಾಸ್‌ಪೋರ್ಟು, ಟಿಕೆಟು ಜೊತೆಗಿರಲಿ. ನೂರು ಡಾಲರಿನ ನೋಟುಗಳನ್ನೇ ಕೇಳಿ ತಗೊಳ್ಳಿ. ಬ್ಯಾಂಕಾಕಿನಲ್ಲಿ ದೊಡ್ಡ ನೋಟಿಗೆ ಒಳ್ಳೆ ದರ ಕೊಡುತ್ತಾರೆ. ಹರಿದದ್ದು, ಪೆನ್ನಿನಲ್ಲಿ ಬರೆದದ್ದು ಇದ್ದರೆ ವಾಪಸ್ ಮಾಡುತ್ತಾರೆ.

ಉಳಿದ ಕಾಲು ಭಾಗಕ್ಕೆ, ಕಷ್ಟಕಾಲಕ್ಕೂ ಆಗಲಿ ಅಂತ, ಕಾರ್ಡು ಹುಡುಕಿದೆ. ಫಾರೆಕ್ಸ್ ಕಾರ್ಡು, ಅಂದರೆ ವಿದೇಶಿ ಕರೆನ್ಸಿಯನ್ನು ಮೊದಲೇ ತುಂಬಿಸಿಕೊಂಡು ಹೋಗುವ ಕಾರ್ಡು, ಮಾರುವ ಹುಡುಗ ಮನೆಗೇ ಬಂದಿದ್ದ. "ಅಕ್ಕೋರೆ, ಇದಕ್ಕ ಚಾರ್ಜೇ ಇಲ್ಲ" ಅಂದ. ಬಾತ್ ತುಂಬಿಸಬಹುದಾ ಅಂತ ಕೇಳಿದೆ. ಆ ಕಾರ್ಡಿನಲ್ಲಿ ಬಾತ್ ಇರಲಿಲ್ಲ. ಡಾಲರ್ ತುಂಬಿಸಿ ಅಲ್ಲಿ ಬಾತ್ ತೆಗೆದರೆ ಒಂದು ಕರೆನ್ಸಿಯಿಂದ ಇನ್ನೊಂದಕ್ಕೆ ಬದಲಿಸಿದ್ದಕ್ಕೆ ಮತ್ತೆ ಶೇ. 3.5. ಅವನೇ ಕೊಟ್ಟ ಹಾಳೆಯ ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿತ್ತು, ಓದಿ ತೋರಿಸಿದೆ. ನೀವು ಹೋಗುವ ದೇಶದ ಕರೆನ್ಸಿಯನ್ನೇ ತುಂಬಿಸುವಂತಿದ್ದರೆ ಈ ಕಾರ್ಡು ಒಳ್ಳೆಯದೇ. ದರ್ಗಾ ಕಡೆ ಮನೆ ಇರುವ ನನ್ನ ಸಹೋದ್ಯೋಗಿ ಉಮ್ರಾಗೆ ಹೋಗುವಾಗ ರಿಯಾಲನ್ನೇ ತುಂಬಿಸಿಕೊಂಡು ಹೋದರು, ಅವರಿಗೆ ಈ ತೊಂದರೆ ಬರಲಿಲ್ಲ. ಕ್ರೆಡಿಟ್ ಕಾರ್ಡಿನಿಂದ ಮಾತ್ರ ಯಾವ ದೇಶದಲ್ಲೂ ನಗದು ತೆಗೆಯಬೇಡಿ. ಬೇರೆ ಶುಲ್ಕ ಇದೆ, ಜೊತೆಗೆ ತೆಗೆದ ದಿನದಿಂದಲೇ ಬಡ್ಡಿ ಶುರುವಾಗುತ್ತದೆ.

ನಾನು ಮಾಡಿದ್ದು, ಮಾರ್ಕಪ್ ಇಲ್ಲದ ಡೆಬಿಟ್ ಕಾರ್ಡು ಕೊಡುವ ಬ್ಯಾಂಕಿನಲ್ಲಿ ಎರಡು ತಿಂಗಳು ಮುಂಚೆ ಖಾತೆ ತೆರೆದದ್ದು. ಅಂಥವು ಕೆಲವು ಇವೆ. ಆದರೆ 'ಮಾರ್ಕಪ್ ಸೊನ್ನೆ' ಅನ್ನುವ ಮಾತೊಂದನ್ನೇ ನಂಬಬೇಡಿ. ವಿದೇಶಿ ಎಟಿಎಂಗೆ ನಿಮ್ಮ ಬ್ಯಾಂಕಿನದು ಪ್ರತಿ ಸಲ ಎಷ್ಟು, ಅಲ್ಲಿ ಬ್ಯಾಲೆನ್ಸ್ ನೋಡಿದರೆ ಎಷ್ಟು, ಖಾತೆಯಲ್ಲಿ ಕನಿಷ್ಠ ಎಷ್ಟು ಇಡಬೇಕು, ಇಷ್ಟನ್ನೂ ಕೇಳಿ. ಬಾಯಿಮಾತಿನಲ್ಲಿ ಅಲ್ಲ, ಶುಲ್ಕದ ಪಟ್ಟಿಯಲ್ಲೇ ತೋರಿಸಿ ಅನ್ನಿ. ಈ ಸಲ ನಾನು ಕುರ್ಚಿಯಿಂದ ಏಳಲಿಲ್ಲ, ಪಟ್ಟಿ ಕೈಗೆ ಬಂದ ಮೇಲೆಯೇ ಎದ್ದೆ.

ಇನ್ನೊಂದು, ಕಾರ್ಡಿನಲ್ಲಿ ವಿದೇಶಿ ಬಳಕೆ ಶುರುವಿಗೆ ಬಂದ್ ಇರುತ್ತದೆ. 2020ರಲ್ಲಿ ರಿಸರ್ವ್ ಬ್ಯಾಂಕ್ ತಂದ ನಿಯಮ ಅದು, ನಮ್ಮ ಸುರಕ್ಷತೆಗೇ. ಬ್ಯಾಂಕಿನ ಆ್ಯಪ್‌ನಲ್ಲಿ ಆನ್ ಮಾಡಿ, ಮಿತಿಯನ್ನೂ ಹಾಕಿಕೊಳ್ಳಬೇಕು. ಅಕ್ಕನ ಕಾರ್ಡನ್ನೂ ಇಲ್ಲೇ, ನಮ್ಮ ಸಿಮ್ ನಡೆಯುವಾಗಲೇ, ಆನ್ ಮಾಡಿಸಿದೆ. ಎರಡೂ ಕಾರ್ಡು ಒಂದೇ ಪರ್ಸಿನಲ್ಲಿ ಇಡಲಿಲ್ಲ.

ಬ್ಯಾಂಕಾಕಿನ ಸುವರ್ಣಭೂಮಿ ವಿಮಾನ ನಿಲ್ದಾಣದಲ್ಲಿ ಇಳಿದ ಕೂಡಲೇ ಎದುರಿಗೆ ಕಾಣುವ ಕೌಂಟರುಗಳಲ್ಲಿ ದುಡ್ಡು ಬದಲಿಸಬೇಡಿ. ನೆಲಮಹಡಿಗೂ ಕೆಳಗೆ, ಊರೊಳಗೆ ಹೋಗುವ ರೈಲಿನ ಹತ್ತಿರ, ಸೂಪರ್‌ರಿಚ್ ಥರದ ದುಡ್ಡು ಬದಲಿಸುವ ಅಂಗಡಿಗಳಿವೆ. ಮೇಲಿನದಕ್ಕೂ ಕೆಳಗಿನದಕ್ಕೂ ದರದಲ್ಲಿ ಎದ್ದು ಕಾಣುವಷ್ಟು ವ್ಯತ್ಯಾಸ. ನಮ್ಮ 500 ಡಾಲರಿಗೆ 16,000ದ ಮೇಲೆ ಚಿಲ್ಲರೆ ಬಾತ್ ಬಂತು.

ಎಟಿಎಂಗೆ ಹೋದದ್ದು ಒಂದೇ ಸಲ, ನಾಲ್ಕನೇ ದಿನ. 4,000 ಬಾತಿಗೆ. ಪಿನ್ ಒತ್ತಿದ ಮೇಲೆ ಪರದೆಯ ಮೇಲೆ ರೂಪಾಯಿ ಲೆಕ್ಕ ಬಂತು: ಶುಲ್ಕ ಸೇರಿ 4,220 ಬಾತಿಗೆ 11,430 ರೂಪಾಯಿ, ಒಪ್ಪಿಗೆಯೇ? ಅಕ್ಕ, "ನೋಡು, ನಮ್ಮ ರೂಪಾಯಿದಾಗೇ ತೋರಿಸ್ಲಿಕತ್ಯಾದ, ಒತ್ತಿಬಿಡು" ಅಂದಳು. ಎಲ್ಲರಿಗೂ ಹಾಗೇ ಅನ್ನಿಸುತ್ತದೆ, ಅಲ್ವಾ? ನಮ್ಮ ರೂಪಾಯಿ ಕಂಡರೆ ನೆಮ್ಮದಿ. ಆದರೆ ಆ ದರವನ್ನು ಹಾಕಿದ್ದು ಆ ಎಟಿಎಂನವರು, ತಮ್ಮ ಲಾಭ ಸೇರಿಸಿಕೊಂಡು. ಒಪ್ಪಿದರೆ ನಾನು ಎರಡು ತಿಂಗಳು ಮುಂಚೆ ಮಾಡಿಸಿದ ಕಾರ್ಡಿಗೆ ಅರ್ಥವೇ ಇಲ್ಲ. ಅಲ್ಲಿ 'ಡಿಕ್ಲೈನ್ ಕನ್ವರ್ಷನ್' ಅಂತ ಇನ್ನೊಂದು ಗುಂಡಿ ಇರುತ್ತದೆ. ಒತ್ತಲು ಹೆದರಿಕೆ ಆಗುತ್ತದೆ, ದುಡ್ಡೇ ಬರುವುದಿಲ್ಲವೇನೋ ಅಂತ. ಬರುತ್ತದೆ. ಬೇಡ ಅಂದದ್ದು ಅವರ ದರವನ್ನು ಮಾತ್ರ, ದುಡ್ಡನ್ನಲ್ಲ. ಒತ್ತಿದೆ, ನೋಟು ಬಂತು. ಖಾತೆಯಿಂದ ಹೋದದ್ದು 10,900 ರೂಪಾಯಿಯ ಆಸುಪಾಸು. ಒಂದು ಗುಂಡಿಗೆ 500 ರೂಪಾಯಿ ಉಳಿಯಿತು. ಅಂಗಡಿಯಲ್ಲಿ ಕಾರ್ಡು ಉಜ್ಜುವಾಗಲೂ ಇದೇ ಪ್ರಶ್ನೆ ಬರುತ್ತದೆ. ಯಾವಾಗಲೂ ಬಾತ್ ಅನ್ನಿ.

ಅಕ್ಕ ವಾಟ್ ಫೋದಲ್ಲಿ 46 ಮೀಟರ್ ಉದ್ದದ ಬುದ್ಧನ ಪಾದದ ಹತ್ತಿರ ಬಹಳ ಹೊತ್ತು ನಿಂತಳು. ಮರುದಿನ ಮೂರನೇ ದರ್ಜೆ ರೈಲಿನಲ್ಲಿ ಕಿಟಕಿ ತೆರೆದುಕೊಂಡು ಅಯುತ್ಥಯಾಕ್ಕೆ ಹೋದೆವು, ಬೇರುಗಳ ನಡುವೆ ಸಿಕ್ಕಿಕೊಂಡ ಬುದ್ಧನ ತಲೆ ನೋಡಲು. ಮೇ ತಿಂಗಳ ಬಿಸಿಲು ಕಲಬುರಗಿಯವರಿಗೆ ಹೊಸದಲ್ಲ, ಅಲ್ಲಿಯ ಬೆವರು ಮಾತ್ರ ಬೇರೆ. ಆ ದಿನ ಎರಡು ಎಳನೀರಿಗೆ ಕೈಚೀಲದಿಂದ ಚಿಲ್ಲರೆ ಎಣಿಸಿ ಕೊಟ್ಟದ್ದು ಅಕ್ಕನೇ.

ಊರಿಗೆ ಬಂದ ದಿನವೇ ಎರಡೂ ಕಾರ್ಡಿನ ವಿದೇಶಿ ಬಳಕೆ ಬಂದ್ ಮಾಡಿದೆ. 640 ಬಾತ್ ಉಳಿದಿತ್ತು. ಬ್ಯಾಂಕಿಗೋ ಅಂಗಡಿಗೋ ಕೊಟ್ಟರೆ ಸಿಗುವುದು ಬಹಳ ಕಮ್ಮಿ, ನಾಣ್ಯವನ್ನಂತೂ ಯಾರೂ ತಗೊಳ್ಳುವುದಿಲ್ಲ. ಬಾಗಿಲ ಬಳಿಯ ಡಬ್ಬಿಯಲ್ಲಿ ಹಾಕಿಟ್ಟಿದ್ದೇನೆ. ನಮ್ಮ ಓಣಿಯ ವೈನಿ ಮಗಳೊಂದಿಗೆ ಅಲ್ಲಿಗೇ ಹೊರಟಿದ್ದಾರೆ, ಇಳಿದ ಕೂಡಲೇ ರೈಲಿಗೂ ನೀರಿಗೂ ಅವರಿಗೆ ಆಗುತ್ತದೆ. ನಾಳೆ ಸಂಜೆ ಅವರು ತಮ್ಮ ಬ್ಯಾಂಕಿನ ಶುಲ್ಕದ ಪಟ್ಟಿ ತಗೊಂಡು ಮನೆಗೆ ಬರುತ್ತಾರೆ.